ತೆರೆ ಎಳೆದ ಹೊತ್ತು

ಉತ್ತರ ಪಿನಾಕಿನಿಯನ್ನು ನದಿ ಎಂದು ನಂಬಿ ಬಂದವರಿಗೆ ನಾಗಲಮಡಿಕೆಯಲ್ಲಿ ಬಹುಪಾಲು ಸಿಗುವುದು ಮರಳು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಗೌರಿಬಿದನೂರು, ಹಿಂದೂಪುರಗಳನ್ನು ಬಳಸಿ, ಪಾವಗಡ ತಾಲ್ಲೂಕಿನ ಈ ಅಂಚನ್ನು ಸವರಿಕೊಂಡು ಮತ್ತೆ ಆಂಧ್ರಕ್ಕೆ ಸರಿದುಬಿಡುವ ಹೊಳೆ ಅದು. ಮಳೆ ಕೈಹಿಡಿದ ವರ್ಷ ಮಾತ್ರ ಮುಳುಗು ಹಾಕುವಷ್ಟು ನೀರು. ಅಂಥದೊಂದು ವರ್ಷದ ಷಷ್ಠಿ ತೇರಿನ ಬೆಳಗು.

ಚಳಿ ಬಿಟ್ಟಿಲ್ಲ. ಗಡಿಯಾಚೆಯ ಆಟೋಗಳು ತೆಲುಗಿನವರನ್ನು, ಪಾವಗಡದ ಬಸ್ಸು ಕನ್ನಡದವರನ್ನು ಇಳಿಸುತ್ತವೆ. ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಎರಡೂ ಕಲಸಿಹೋಗಿ ‘ರಾ ಅಣ್ಣಾ, ಕಾಯಿ ಇಲ್ಲೈತೆ’ ಎಂಬ ಒಂದೇ ಕೂಗಾಗುತ್ತದೆ. ಕಡ್ಲೆಪುರಿಯ ಗುಡ್ಡೆ, ಬೆಂಡು ಬತ್ತಾಸು, ಗಾಜಿನ ಬಳೆ, ಹರಕೆಗೆಂದು ತಟ್ಟೆಯಲ್ಲಿ ಜೋಡಿಸಿಟ್ಟ ನಾಗರಹೆಡೆಗಳು. ಆಟಿಕೆ ಅಂಗಡಿಯ ಗಳುವಿಗೆ ಕೆಂಪು ಜೆರ್ಸಿಗಳು ನೇತುಬಿದ್ದಿವೆ. ಎಲ್ಲದರ ಬೆನ್ನಿಗೂ ಕೊಹ್ಲಿಯ 18. ಈ ಹೋಬಳಿಯಲ್ಲೇ, ತಿರುಮಣಿಯ ಸುತ್ತ, ಒಂದು ಕಾಲಕ್ಕೆ ಕಡಲೆಕಾಯಿ ಬಿತ್ತುತ್ತಿದ್ದ ಹೊಲಗಳ ಮೇಲೆ ಸುಮಾರು 13,000 ಎಕರೆ ಸೋಲಾರ್ ಹಲಗೆಗಳು ಹಬ್ಬಿವೆ. ಅಷ್ಟು ಕರೆಂಟು ಹುಟ್ಟುವ ಊರಲ್ಲಿ ಮೊಬೈಲ್ ಚಾರ್ಜಿಗೆ ಬರವಿಲ್ಲ.

ಹೊಳೆಯಿಂದ ಮೇಲೆದ್ದು ಬರುವವರ ಸಾಲು ನೋಡಬೇಕು. ಒದ್ದೆ ಪಂಚೆ, ಒದ್ದೆ ಸೀರೆ, ಹಲ್ಲು ಕಟಕಟ. ಸಾಲ ಕೊಟ್ಟವನೂ ತೆಗೆದುಕೊಂಡವನೂ ಒಂದೇ ಸಾಲಿನಲ್ಲಿ ನಡುಗುತ್ತಾರೆ, ಸಾಲದ ಮಾತಿಲ್ಲ. ಹಳ್ಳಿಯಲ್ಲಿ ಗುಟ್ಟೆಂಬುದು ಉಳಿಯುವುದು ಕಷ್ಟ. ಯಾರ ಮನೆಯಲ್ಲಿ ಏನು ಸಾರು ಎಂಬುದು ಬೀದಿಗೆಲ್ಲ ಗೊತ್ತು. ಆದರೂ ಕೆಲವು ಹೊತ್ತುಗಳಿಗೆ ಊರೇ ಬೇಲಿ ಹಾಕಿಕೊಟ್ಟಿದೆ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಉಣ್ಣುವವರ ಎಲೆಯನ್ನು ದಿಟ್ಟಿಸಬಾರದು. ಹೆಂಗಸರು ಮೀಯುವ ಕಡೆ ತಿರುಗಬಾರದು. ಹರಕೆ ಹೊತ್ತವರನ್ನು ಮಾತಿಗೆಳೆಯಬಾರದು. ಈ ‘ಬಾರದು’ಗಳ ನಡುವೆ ಜಾತಿಯ ‘ಮುಟ್ಟಬಾರದು’ ಕೂಡ ನುಸುಳಿ ಕೂತಿತ್ತೆಂಬುದು ನಿಜ, ಅದನ್ನು ಕಿತ್ತೆಸೆಯಬೇಕಾದದ್ದೂ ನಿಜ. ಹಾಗೆಂದು ಉಳಿದವನ್ನೂ ಜೊತೆಗೇ ಎಸೆದುಬಿಟ್ಟರೆ ಹೇಗೆ?

ಆ ಸಾಲಿನಲ್ಲೊಬ್ಬ ಹುಡುಗ, ಇಪ್ಪತ್ತೈದರ ಆಸುಪಾಸು. ತೋಳಲ್ಲಿ ಮಗು, ಪಕ್ಕದಲ್ಲಿ ತಾಯಿ. ಮಗುವಿನ ಮುಡಿ ತೆಗೆಸಿ ತಲೆಗೆ ಗಂಧ ಬಳಿದಿದ್ದಾರೆ. ಸುತ್ತಲ ಊರುಗಳ ಟೆನಿಸ್‌ಬಾಲ್ ಟೂರ್ನಮೆಂಟುಗಳಲ್ಲಿ ಇವನ ಯಾರ್ಕರಿಗೆ ಹೆಸರಿದೆಯಂತೆ. ಕಾಸು ಕೊಟ್ಟು ಕರೆಸಿಕೊಳ್ಳುತ್ತಾರಂತೆ. ಗುರುತು ಹಿಡಿದದ್ದು ಜೆರ್ಸಿ ಅಂಗಡಿಯ ಮುಂದಿದ್ದ ಪಡ್ಡೆಗಳು.

‘ಅಣ್ಣಾ, ಒಂದೇ ಒಂದು ಸೆಲ್ಫಿ.’

‘ಪೂಜೆ ಮುಗೀಲಿ ಕಣ್ರೋ.’

‘ಎರಡು ಸೆಕೆಂಡಣ್ಣಾ, ಮಗೂನ ಹಿಂಗ್ ಹಿಡ್ಕಳಿ.’

ಮಗು ಅಳತೊಡಗಿತು. ‘ಎಳೇ ಕೂಸಿಗೆ ಕಣ್ಣು ಬೀಳ್ತೈತೆ, ಹೋಗ್ರಪ್ಪಾ’ ಎಂದು ತಾಯಿ ಸೆರಗು ಅಡ್ಡ ಹಿಡಿದರು. ಹುಡುಗರು ನಕ್ಕರು, ವಿಡಿಯೊ ನಿಲ್ಲಲಿಲ್ಲ. ಬೌಲರ್ ಕೋಪಿಸಿಕೊಳ್ಳುವಂತಿಲ್ಲ, ಕೋಪಿಸಿಕೊಂಡರೆ ಅದೂ ವಿಡಿಯೊ. ಹಲ್ಲು ಬಿಟ್ಟು ನಿಂತ.

ಹೋಬಳಿಯ ಬೌಲರಿಗೇ ಇಷ್ಟಾದರೆ ಉಳಿದವರ ಪಾಡು? ಕುಕ್ಕೆ ಆದಿ, ಘಾಟಿ ಮಧ್ಯ, ನಾಗಲಮಡಿಕೆ ಅಂತ್ಯ ಸುಬ್ರಹ್ಮಣ್ಯ ಎಂದು ಜನ ಮೂರನ್ನೂ ಒಂದೇ ದಾರದಲ್ಲಿ ಪೋಣಿಸುತ್ತಾರೆ. ಆ ಆದಿಕ್ಷೇತ್ರ ಕುಕ್ಕೆಗೆ 2006ರಲ್ಲಿ ಸಚಿನ್ ತೆಂಡೂಲ್ಕರ್ ಬಂದು ಸರ್ಪಸಂಸ್ಕಾರ ಮಾಡಿಸಿದ್ದರು. ಅದೇ ವರ್ಷ ಅವರ ಭುಜಕ್ಕೆ ಶಸ್ತ್ರಚಿಕಿತ್ಸೆಯಾಗಿತ್ತು. ಸರ್ಪಸಂಸ್ಕಾರವೆಂದರೆ ಸತ್ತ ಹಾವಿಗೆ ಮನುಷ್ಯರಿಗೆ ಮಾಡುವಂತೆ ಉತ್ತರಕ್ರಿಯೆ ಮಾಡುವುದು. ಯಾರಿಗೂ ತೋರಿಸಲಿಕ್ಕೆ ಮಾಡುವ ಕರ್ಮವಲ್ಲ. ಅದು ದೇಶದ ಸುದ್ದಿಯಾಯಿತು. ಯಾವ ದೋಷ, ಏನು ಹರಕೆ, ಇನ್ನು ರನ್ ಬರುತ್ತದೆಯೋ ಎಂದು ಚಹಾ ಅಂಗಡಿಗಳಲ್ಲೆಲ್ಲ ಪಂಚಾಯಿತಿ. ಅವರ ಬ್ಯಾಟಿಂಗಿನ ಬಗ್ಗೆ ಮಾತಾಡುವ ಹಕ್ಕು ಟಿಕೆಟ್ ಕೊಂಡವನಿಗೆ ಖಂಡಿತ ಇದೆ. ಅವರ ದೇವರ ಬಗ್ಗೆ?

ಈ ಊರಿನ ಕಥೆಯೂ ಅಭಿಮಾನಿಯೊಬ್ಬನದೇ. ಅನ್ನಂಭಟ್ಟರೆಂಬ ಭಕ್ತರು ಪ್ರತಿವರ್ಷ ಕುಕ್ಕೆಯ ತೇರಿಗೆ ಹೋಗುತ್ತಿದ್ದರಂತೆ. ಮುಪ್ಪಿನಲ್ಲಿ ಕಾಲು ಸೋತಾಗ ದೇವರೇ, ನೀನು ಬರಬೇಡ, ನಾನೇ ಬರುತ್ತೇನೆ ಎಂದು ಪಿನಾಕಿನಿಯ ಮಡಿಲಿಗೆ ಬಂದನಂತೆ. ಭಕ್ತ ಬಾರದಿದ್ದರೆ ದೇವರು ಬರುವುದು ಚೆಂದದ ಕಥೆ. ಇಂದಿನ ಅಭಿಮಾನಿ ಆಟಗಾರನಿಂದ ಬಯಸುವುದೂ ಇದನ್ನೇ: ನನ್ನ ಕೈಲಿರುವ ಪರದೆಯೊಳಕ್ಕೆ ನೀನೇ ಬಾ. ವ್ಯತ್ಯಾಸವೆಂದರೆ, ಇಲ್ಲಿನ ದೇವರು ತಾನಾಗಿ ಹೊರಟು ಬಂದ.

2022ರ ಟಿ20 ವಿಶ್ವಕಪ್ ವೇಳೆ ಪರ್ತ್‌ನ ಹೋಟೆಲಿನಲ್ಲಿ ವಿರಾಟ್ ಕೊಹ್ಲಿ ಇಲ್ಲದಾಗ ಯಾರೋ ಅವರ ಕೋಣೆ ಹೊಕ್ಕು, ಬೂಟು, ಬಟ್ಟೆ, ಮೇಜಿನ ಮೇಲಿನ ಮಾತ್ರೆ ಡಬ್ಬಿಗಳನ್ನೆಲ್ಲ ಚಿತ್ರೀಕರಿಸಿ ಹರಿಬಿಟ್ಟರು. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ಕನ್ನಿಂಗ್‌ಹ್ಯಾಂ ರಸ್ತೆಯಲ್ಲಿ ರಾಹುಲ್ ದ್ರಾವಿಡ್ ಕಾರಿಗೆ ಗೂಡ್ಸ್ ಆಟೋ ತಗುಲಿತು. ಇಳಿದು ಕನ್ನಡದಲ್ಲೇ ನಾಲ್ಕು ಮಾತಾಡಿದರು, ಎಲ್ಲ ಬೆಂಗಳೂರಿಗರೂ ದಿನವೂ ಆಡುವಂಥವನ್ನೇ. ಅಷ್ಟಕ್ಕೇ ಅವರದೇ ಹಳೆಯ ಜಾಹೀರಾತಿನ ‘ಇಂದಿರಾನಗರದ ಗೂಂಡಾ’ ನಿಜವಾಗಿಯೂ ಬೀದಿಗಿಳಿದನೆಂದು ಊರು ನಕ್ಕಿತು. ನಾನೂ ನಕ್ಕೆ. ನಗುವಂಥದ್ದೇ ಆಗಿತ್ತು. ಆದರೆ ಕಾರು ಗೀಚಿಸಿಕೊಂಡ ಮನುಷ್ಯನಿಗೆ ರೇಗುವ ಸ್ವಾತಂತ್ರ್ಯವೂ ಇಲ್ಲವೆಂದರೆ, ಅವನ ಹೆಸರು ಅವನಿಗೇ ಭಾರ.

ಆ ಹೆಸರನ್ನು ಬೇಡದವನ ಮೇಲೂ ಹೇರುತ್ತೇವೆ. 2020ರಲ್ಲಿ ಮೂಡುಬಿದಿರೆ ಕಡೆಯ ಕಂಬಳದ ಓಟಗಾರ ಶ್ರೀನಿವಾಸ ಗೌಡರು ಐಕಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದ್ದೇ ತಡ, ದೇಶ ಅವರನ್ನು ಉಸೇನ್ ಬೋಲ್ಟ್ ಪಕ್ಕ ನಿಲ್ಲಿಸಿತು. ಕೇಂದ್ರ ಮಂತ್ರಿಯಿಂದಲೇ ಟ್ರಯಲ್ಸ್‌ಗೆ ಕರೆ. ಕಂಬಳವೇ ಸಾಕು, ಬೂಟು ಹಾಕಿ ಟ್ರ್ಯಾಕಿನಲ್ಲಿ ಓಡುವುದು ಬೇರೆ ವಿದ್ಯೆ ಎಂದು ಅವರು ಹಿಂದೆ ಸರಿದಾಗ ಪೆಚ್ಚಾದವರು ಎಷ್ಟು ಮಂದಿ! ಮುಖ್ಯವಾಗಿ, ಅವತ್ತು ಓಡಿದ ಕೋಣಗಳನ್ನು ಯಾರೂ ಕೇಳಲಿಲ್ಲ.

ಅಭಿಮಾನಿಯನ್ನು ಬೈದು ಮುಗಿಸುವುದು ಸುಲಭ, ಅನ್ಯಾಯ ಕೂಡ. 2025ರ ಜೂನ್ 4ರಂದು ಆರ್‌ಸಿಬಿ ಗೆಲುವಿನ ಸಂಭ್ರಮಕ್ಕೆ ಬಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ ಕಾಲ್ತುಳಿತಕ್ಕೆ ಸಿಕ್ಕಿ ಸತ್ತ 11 ಮಂದಿ ಯಾರ ಕೋಣೆಗೂ ನುಗ್ಗಿದವರಲ್ಲ. ಬನ್ನಿ ಎಂದು ಕರೆದಿದ್ದರು, ಹದಿನೆಂಟು ವರ್ಷ ಕಾದಿದ್ದರು, ಬಂದರು. ಹತ್ತಿರ ಬಾ ಎಂದು ವರ್ಷವಿಡೀ ಜಾಹೀರಾತಿನಲ್ಲಿ ಕೈಬೀಸುವ ವ್ಯಾಪಾರವೇ ಹತ್ತಿರ ಬಂದವರನ್ನು ಲಾಠಿಯ ಕಡೆ ದೂಡುತ್ತದೆ.

ಕಾನೂನು ಒಂದು ಮಾತು ಹೇಳಿಟ್ಟಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ದಾವೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದರು. ಬಯಲಿಗೆ ಬಂದ ಮಾತ್ರಕ್ಕೆ ಅದು ಕಳೆದುಹೋಗುವುದಿಲ್ಲ, ಅದು ಜಾಗಕ್ಕಲ್ಲ ಮನುಷ್ಯನಿಗೆ ಅಂಟಿಕೊಂಡದ್ದು ಎಂಬ ಮಾತೂ ಆ ತೀರ್ಪಿನಲ್ಲಿದೆ. ಜಾತ್ರೆಯ ಗದ್ದಲಕ್ಕೆ ಅದನ್ನು ಓದಿ ಹೇಳುವವರು ಯಾರು?

ಅಷ್ಟರಲ್ಲಿ ಗುಡಿಯೊಳಗೆ ನೈವೇದ್ಯ. ಅರ್ಚಕರು ಸರಕ್ಕನೆ ತೆರೆ ಎಳೆದರು. ನಸುಕಿನಿಂದ ನಿಂತ ಸಾಲು, ನೂಕಾಟ, ಬೆವರು, ಹೆಗಲ ಮೇಲೆ ಮಕ್ಕಳು. ಒಬ್ಬರೂ ತೆರೆಯ ಸಂದಿಯಲ್ಲಿ ಇಣುಕಲಿಲ್ಲ. ದೇವರು ಉಣ್ಣುತ್ತಿದ್ದಾನೆ, ಅಷ್ಟೆ. ಮಧ್ಯಾಹ್ನ ಉತ್ಸವಮೂರ್ತಿ ತೇರೇರಿ ಬೀದಿಗೆ ಬಂದಾಗ ಎಷ್ಟು ಬೇಕಾದರೂ ನೋಡಬಹುದು, ಬಾಳೆಹಣ್ಣು ಎಸೆಯಬಹುದು, ಹಗ್ಗ ಹಿಡಿದು ಎಳೆಯಬಹುದು. ಮೂಲಮೂರ್ತಿ ಮಾತ್ರ ಒಳಗೇ. ಈ ಏರ್ಪಾಡನ್ನು ತಕರಾರಿಲ್ಲದೆ ಒಪ್ಪಿದ ಅದೇ ಪಡ್ಡೆಗಳು ಹೊರಗೆ ಬೌಲರಿಗಾಗಿ ಕಾದಿದ್ದವು.

ಊಟದ ಪಂಕ್ತಿಯಲ್ಲಿ ಅವನು ಗೋಡೆ ಮಗ್ಗುಲಿಗೆ ಕೂತಿದ್ದ. ಮಗು ತೊಡೆಯ ಮೇಲೆ ನಿದ್ದೆ. ಎಲೆಗೆ ಅನ್ನ ಬಿದ್ದಿತ್ತು. ಎದುರಿಗೆ ಮೂರು ಮೊಬೈಲುಗಳು ಕುಕ್ಕರಗಾಲಲ್ಲಿ ಕೂತವು.

‘ಅಣ್ಣಾ, ಊಟದ್ದೊಂದು ರೀಲ್ಸು…’

ಸಾರಿನ ಬಕೆಟ್ ಹಿಡಿದು ಓಡೋಡಿ ಬರುತ್ತಿದ್ದ ಮುದುಕ, ಸ್ಟಾರೂ ಇಲ್ಲ ಫ್ಯಾನೂ ಇಲ್ಲ ಎಂಬಂತೆ, ಗಂಟಲೆತ್ತಿದ: ‘ಎಲೆ ಮುಂದಿಂದ ಏಳ್ರೋ ಲೇ, ಸಾರು ಸುಡ್ತೈತೆ! ಉಣ್ಣಂಗಿದ್ರೆ ಎಲೆ ಹಾಕ್ಕಂಡು ಕೂತ್ಕಳಿ, ಇಲ್ದಿದ್ರೆ ಆಚೆ ನಡೀರಿ!’

ಇಬ್ಬರು ಆಚೆ ನಡೆದರು. ಮೂರನೆಯವನು ಬೌಲರಿನ ಪಕ್ಕದಲ್ಲೇ ಜಾಗ ಮಾಡಿಕೊಂಡು, ಮೊಬೈಲನ್ನು ಚಡ್ಡಿ ಜೇಬಿಗೆ ತುರುಕಿ, ‘ಸ್ವಲ್ಪ ಗಟ್ಟಿ ಹಾಕ್ರಿ ತಾತಾ’ ಎಂದ.