ಮಂಡಿಯ ಮೃದ್ವಸ್ಥಿ: ನಂಬಿಕೆ ಏನು, ನಿಜ ಏನು?

‘ಮಂಡಿ ಸವೆದುಹೋಗಿದೆ’ ಎಂಬ ಮಾತು ಬಸವನಗುಡಿಯಲ್ಲೂ ಕೇಳುತ್ತದೆ, ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಮಕ್ಕಳ ಮನೆಗೆ ಬಂದ ಅಪ್ಪ-ಅಮ್ಮಂದಿರ ಬಾಯಲ್ಲೂ ಕೇಳುತ್ತದೆ. ಹಾಗೆ ಸವೆಯಿತು ಎನ್ನುವ, ಮೂಳೆಗಳ ತುದಿಯನ್ನು ಹೊದ್ದಿರುವ ಮೃದ್ವಸ್ಥಿ ಎಂಬ ಪದರದ ಒಳಗುಟ್ಟನ್ನು ಪಕ್ಕದ ನ್ಯೂಯಾರ್ಕ್‌ನ ಪ್ರಯೋಗಾಲಯಗಳು ದಶಕಗಳಿಂದ ಕೆದಕುತ್ತಿವೆ.

ತಪ್ಪು ಕಲ್ಪನೆ 1: ಮೃದ್ವಸ್ಥಿ ಗಾಡಿಯ ಟೈರಿದ್ದಂತೆ. ಜೀವವಿಲ್ಲ, ಓಡಿದಷ್ಟೂ ಸವೆಯುತ್ತದೆ.

ಸತ್ಯ: ಅದರಲ್ಲಿ ರಕ್ತನಾಳವಿಲ್ಲ, ನರವಿಲ್ಲ, ಆದರೆ ಜೀವವಿದೆ. ಗಾತ್ರದಲ್ಲಿ ಶೇ 2ರ ಆಸುಪಾಸಿನಲ್ಲಿರುವ ಕಾಂಡ್ರೊಸೈಟ್ ಎಂಬ ಕೋಶಗಳೇ ಇಡೀ ಪದರವನ್ನು ಕಾಪಾಡುತ್ತವೆ. ಕೆಟ್ಟಾಗ ಕೆಡಿಸುವುದರಲ್ಲೂ ಅವುಗಳ ಕೈವಾಡವಿದೆ. ನ್ಯೂಯಾರ್ಕ್‌ನ ಹಾಸ್ಪಿಟಲ್ ಫಾರ್ ಜಾಯಿಂಟ್ ಡಿಸೀಸಸ್‌ನಲ್ಲಿ ಅಶೋಕ್ ಅಮೀನ್, ಸ್ಟೀವನ್ ಅಬ್ರಾಮ್ಸನ್ ಮತ್ತು ಸಂಗಡಿಗರು 1995ರಲ್ಲೇ ಇದರ ಸುಳಿವು ಕೊಟ್ಟರು: ಆಸ್ಟಿಯೋಆರ್ಥ್ರೈಟಿಸ್ (ಕೀಲು ಸವೆತ) ರೋಗಿಗಳ ಮೃದ್ವಸ್ಥಿ, ಕೀಲಿಗೆ ಹಾನಿ ಮಾಡಬಲ್ಲ ನೈಟ್ರಿಕ್ ಆಕ್ಸೈಡನ್ನು ತಾನೇ ಹೊರಸೂಸುತ್ತಿತ್ತು.

ತಪ್ಪು ಕಲ್ಪನೆ 2: ಈ ಕೋಶಗಳ ಜೀನ್ ನೋಡಬೇಕಾದರೆ ತೊಟ್ಟು ರಕ್ತವೋ ಎಂಜಲೋ ಸಾಕು.

ಸತ್ಯ: ಹುಟ್ಟಿನಿಂದ ಬಂದ ಡಿಎನ್ಎ ಓದಲು ಸಾಕು. ಆದರೆ ಎಲ್ಲ ಕೋಶಗಳಲ್ಲೂ ಹೆಚ್ಚುಕಡಿಮೆ ಒಂದೇ ಡಿಎನ್ಎ. ಯಾವ ಜೀನ್ ಎಲ್ಲಿ ಕೆಲಸ ಮಾಡುತ್ತಿದೆ ಎಂಬುದರಲ್ಲಿ ವ್ಯತ್ಯಾಸ. ಅದನ್ನು ಹೇಳುವುದು ಆರ್‌ಎನ್ಎ. ಮಂಡಿಯ ಮೃದ್ವಸ್ಥಿಯ ಮೇಲ್ಪದರದ ಕೋಶಗಳು ಕೀಲನ್ನು ಜಾರುವಂತಿಡುವ ಲ್ಯೂಬ್ರಿಸಿನ್ ತಯಾರಿಸುತ್ತವೆ. ಆಳದ ಕೋಶಗಳ ಕೆಲಸ ಬೇರೆ. ಇದನ್ನು ತಿಳಿಯಲು ಆಯಾ ಪದರದ ಕೋಶಗಳೇ ಬೇಕು.

ತಪ್ಪು ಕಲ್ಪನೆ 3: ಮೃದ್ವಸ್ಥಿಯಿಂದ ಕೋಶಗಳನ್ನು ಬೇರ್ಪಡಿಸುವುದು ಸುಲಭ.

ಸತ್ಯ: ರಕ್ತದಲ್ಲಿ ಕೋಶಗಳು ತೇಲುತ್ತಿರುತ್ತವೆ. ಮೃದ್ವಸ್ಥಿಯಲ್ಲಿ ಅವು ಕೊಲಾಜೆನ್ ಎಂಬ ಪ್ರೋಟೀನಿನ ಜಾಲದೊಳಗೆ ಹೂತುಹೋಗಿರುತ್ತವೆ. ಅಂಗಾಂಶವನ್ನು ಪದರ ಪದರವಾಗಿ ಹೆರೆದು, ಸಣ್ಣಗೆ ಹೆಚ್ಚಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೊಲಾಜಿನೇಸ್ ಎಂಬ ಕಿಣ್ವದಲ್ಲಿ ಗಂಟೆಗಟ್ಟಲೆ, ಕೆಲವೊಮ್ಮೆ ರಾತ್ರಿಯಿಡೀ, ಅಲುಗಾಡಿಸುತ್ತಾರೆ. ಜಾಲ ಕರಗಿದ ಮೇಲೆ ಸೂಕ್ಷ್ಮ ಜರಡಿಯಲ್ಲಿ ಸೋಸಿ, ಟ್ರಿಪಾನ್ ಬ್ಲೂ ಬಣ್ಣ ಹಾಕುತ್ತಾರೆ. ಸತ್ತ ಕೋಶ ನೀಲಿಯಾಗುತ್ತದೆ. ಬದುಕಿರುವುದು ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ತಪ್ಪು ಕಲ್ಪನೆ 4: ಹೊರಗೆ ಬಂದ ಕೋಶ ಮಂಡಿಯಲ್ಲಿದ್ದಂತೆಯೇ ಇರುತ್ತದೆ.

ಸತ್ಯ: ಕಿಣ್ವದಲ್ಲಿರುವಾಗಲೇ ಜೀನ್‌ಗಳ ವರ್ತನೆ ಬದಲಾಗತೊಡಗುತ್ತದೆ. ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸುತ್ತಾ ಹೋದರೆ ದುಂಡಗಿದ್ದ ಕೋಶ ಚಪ್ಪಟೆಯಾಗಿ ಹರಡಿಕೊಂಡು, ಮೃದ್ವಸ್ಥಿಯ ಟೈಪ್ 2 ಕೊಲಾಜೆನ್ ಬಿಟ್ಟು ಟೈಪ್ 1 ತಯಾರಿಸತೊಡಗುತ್ತದೆ. ಅಂಥ ಕೋಶವನ್ನು ಅಗರೋಸ್ ಜೆಲ್‌ನೊಳಗೆ ಇಟ್ಟರೆ ಹಳೆಯ ಗುಣ ಮರಳುತ್ತದೆಂದು 1982ರಲ್ಲಿ ಬೆನ್ಯಾ ಮತ್ತು ಶಾಫರ್ ತೋರಿಸಿದರು. ಕೊಲಂಬಿಯಾ ವಿಶ್ವವಿದ್ಯಾಲಯದ ಕ್ಲಾರ್ಕ್ ಹಂಗ್ ಅವರ ತಂಡವೂ ಅಗರೋಸ್‌ನಲ್ಲೇ ಮೃದ್ವಸ್ಥಿ ಬೆಳೆಸುವ ಕೆಲಸ ಮಾಡಿದೆ. ಹೀಗಾಗಿ ಕೋಶ ಕೈಗೆ ಸಿಕ್ಕ ಕೂಡಲೇ ಆರ್‌ಎನ್ಎ ತೆಗೆಯುವುದು ಮೇಲು. ತಡವಾದರೆ ಮಂಡಿಯ ಕಥೆಯ ಬದಲು ತಟ್ಟೆಯ ಕಥೆ ಓದಿದಂತಾಗುತ್ತದೆ.

ಇಂಥ ಅಧ್ಯಯನಗಳಿಗೆ ಮೃದ್ವಸ್ಥಿ ಹೆಚ್ಚಾಗಿ ಸಿಗುವುದು ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆಯಿಂದ. ತೆಗೆದು ಎಸೆಯಬೇಕಾದ ತುಂಡನ್ನು ಸಂಶೋಧನೆಗೆ ಕೊಡುವಿರಾ ಎಂದು ನಿಮ್ಮ ಮನೆಯವರನ್ನು ಆಸ್ಪತ್ರೆ ಕೇಳಿದರೆ ಗಾಬರಿ ಬೇಡ. ಹೆಸರು ಗುಟ್ಟಾಗಿರುತ್ತದೆಯೇ, ಯಾವ ಅಧ್ಯಯನಕ್ಕೆ ಎಂದು ವಿಚಾರಿಸಿ ನಿರ್ಧರಿಸಿ. ಒಪ್ಪುವುದೂ ಬಿಡುವುದೂ ನಿಮ್ಮ ಹಕ್ಕು.