ಅತಿಶೀತಲ ಅಣುಗಳು: ಒಂದು ಸಹಕಾರಿ ಸಂಶೋಧನೆ

ಶಾಖವೆಂಬುದು ದ್ರವ್ಯದ ಕಣಗಳ ಚಲನೆಯ ಮತ್ತೊಂದು ಹೆಸರು. ಕಣಗಳ ಓಟ ಹೆಚ್ಚಿದರೆ ವಸ್ತು ಕಾಯುತ್ತದೆ, ಕುಂದಿದರೆ ತಣಿಯುತ್ತದೆ. ಸೊನ್ನೆಯಿಂದ ಕೆಳಕ್ಕೆ ೨೭೩.೧೫ ಸೆಲ್ಸಿಯಸ್ ಡಿಗ್ರಿಗಳಷ್ಟು ಇಳಿದಾಗ, ಅದಕ್ಕೂ ಕೆಳಗೆ ಶೈತ್ಯವೇ ಇಲ್ಲವೆಂಬ ಎಲ್ಲೆಯೊಂದು ಬರುತ್ತದೆ. ಅದೇ ನಿರಪೇಕ್ಷ ಶೂನ್ಯ. ಅಲ್ಲಿಂದ ಮೇಲಕ್ಕೆ ಎಣಿಸುವ ಮಾನಕ್ಕೆ ಕೆಲ್ವಿನ್ ಎಂದು ಹೆಸರು. ತಾರೆಗಳ ನಡುವಣ ಬರಿಯ ಬಾನಿಗೂ ಸುಮಾರು ೨.೭ ಕೆಲ್ವಿನ್‌ನಷ್ಟು ಬಿಸುಪುಂಟು. ಪ್ರಕೃತ ವಿಷಯವಾದ ಅಣುಗಳಾದರೋ ಒಂದು ಕೆಲ್ವಿನ್ನಿನ ಹತ್ತು ಲಕ್ಷದ ಒಂದು ಪಾಲಿಗಿಂತಲೂ ಕೆಳಗೆ ತಣಿದವುಗಳು. ಇವನ್ನು ಪಡೆದ ಬಗೆ ಹಲವು ವಿದ್ಯೆಗಳು ಕೂಡಿ ದುಡಿದುದರ ಫಲವಾದುದರಿಂದ ವಿದ್ಯಾಸಂಸ್ಥೆಯೊಂದರ ಬಳಗಕ್ಕೆ ಅರಿಯತಕ್ಕ ಸಂಗತಿಯಾಗಿದೆ.

ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಪರಮಾಣು ಅಕ್ಷರ, ಅಣು ಪದ. ಲೇಸರ್ ಕಿರಣವನ್ನು ಎದುರಿನಿಂದ ಹಾಯಿಸಿದರೆ ಪರಮಾಣು ಬೆಳಕನ್ನು ಹೀರುತ್ತ, ಮತ್ತೆ ಹೊರಸೂಸುತ್ತ, ಹೆಜ್ಜೆ ಹೆಜ್ಜೆಗೂ ವೇಗವನ್ನು ಕಳೆದುಕೊಳ್ಳುತ್ತದೆ. ಸತ್ಯೇಂದ್ರನಾಥ ಬೋಸರು ೧೯೨೪ರಲ್ಲಿ ತೋರಿದ ಗಣನೆಯ ಹಾದಿಯಲ್ಲಿ ಐನ್‌ಸ್ಟೈನರು ಊಹಿಸಿದ್ದ ದ್ರವ್ಯಸ್ಥಿತಿಯು ೧೯೯೫ರಲ್ಲಿ ಪ್ರತ್ಯಕ್ಷವಾದುದು ಹೀಗೆ ತಣಿಸಿದ ಪರಮಾಣುಗಳಲ್ಲಿಯೇ. ಆದರೆ ಅಣು ಓಡುವುದಷ್ಟೇ ಅಲ್ಲ, ತಿರುಗುತ್ತದೆ, ಕಂಪಿಸುತ್ತದೆ. ಒಮ್ಮೆ ಬೆಳಕನ್ನು ಹೀರಿ ಬಿಟ್ಟೊಡನೆ ಅದು ಬೇರೊಂದು ಕಂಪನಕ್ಕೆ ಜಾರುವುದುಂಟು. ಹಾಗೆ ಜಾರಿದ ಅಣುವಿನ ಮೇಲೆ ಆ ಲೇಸರಿನ ಹಿಡಿತ ಉಳಿಯದು. ಆದ್ದರಿಂದ ಪರಮಾಣುವಿಗೆ ಸಂದ ಉಪಾಯ ಹೆಚ್ಚಿನ ಅಣುಗಳಿಗೆ ಸಲ್ಲಲಿಲ್ಲ.

ಈ ತೊಡಕನ್ನು ದಾಟಿದವರು ಅಮೆರಿಕದ ಬೋಲ್ಡರ್ ನಗರದಲ್ಲಿರುವ ಜಿಲಾ ಸಂಸ್ಥೆಯ ಡೆಬೊರಾ ಜಿನ್ ಮತ್ತು ಜುನ್ ಯೆ. ಮೊದಲನೆಯವರು ಪರಮಾಣುಗಳನ್ನು ತಣಿಸುವುದರಲ್ಲಿ ನಿಷ್ಣಾತರು. ಎರಡನೆಯವರು ಲೇಸರ್ ಬೆಳಕನ್ನು ಕರಾರುವಾಕ್ಕಾಗಿ ಅಳೆಯುವುದರಲ್ಲಿ ನಿಷ್ಣಾತರು. ಅಣುವಿನ ಶಕ್ತಿಮಟ್ಟಗಳನ್ನು ಗಣಿತದಿಂದ ಸೂಚಿಸಿಕೊಟ್ಟವರು ಪಾಲ್ ಜೂಲಿಯೆನ್ ಮತ್ತು ಸ್ವೆಟ್ಲಾನಾ ಕೊಟೊಚಿಗೋವಾ ಎಂಬ ಸಿದ್ಧಾಂತಿಗಳು. ಅಕ್ಷರಗಳನ್ನು ಮೊದಲು ತಣಿಸಿ, ಅನಂತರ ಪದವಾಗಿ ಕೂಡಿಸುವುದು ಇವರ ಕ್ರಮ. ಪೊಟ್ಯಾಸಿಯಂ ಮತ್ತು ರುಬಿಡಿಯಂ ಪರಮಾಣುಗಳನ್ನು ಕಾಂತಕ್ಷೇತ್ರದ ನೆರವಿನಿಂದ ಸಡಿಲವಾಗಿ ಜೊತೆಗೂಡಿಸಿ, ಎರಡು ಲೇಸರ್ ಕಿರಣಗಳಿಂದ ಆ ಜೋಡಿಯನ್ನು ಅತ್ಯಂತ ಕೆಳಗಿನ ಶಕ್ತಿಮಟ್ಟಕ್ಕೆ ಇಳಿಸಿದರು. ಹೀಗೆ ಇಳಿಯುವಾಗ ಅಣು ಬಿಟ್ಟುಕೊಡುವ ಶಕ್ತಿ ಸುಮಾರು ಆರು ಸಾವಿರ ಕೆಲ್ವಿನ್ ಉಷ್ಣತೆಗೆ ಸಮ. ಅಷ್ಟನ್ನೂ ಬೆಳಕೇ ಹೊತ್ತೊಯ್ದುದರಿಂದ ಅನಿಲ ಕಾಯಲಿಲ್ಲ. ಆ ವಿಧಾನದ ಹೆಸರಿನಲ್ಲಿ ಬೆಂಗಳೂರನ್ನು ಕರ್ಮಭೂಮಿಯಾಗಿಸಿಕೊಂಡಿದ್ದ ಸರ್ ಸಿ. ವಿ. ರಾಮನ್ನರ ಹೆಸರು ಸೇರಿರುವುದು ನಮಗೆ ಅಭಿಮಾನದ ಸಂಗತಿ. ೨೦೦೮ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಅಣುಗಳ ಉಷ್ಣತೆ ಒಂದು ಕೆಲ್ವಿನ್ನಿನ ನೂರು ಕೋಟಿ ಪಾಲುಗಳಲ್ಲಿ ೩೫೦ ಪಾಲು ಮಾತ್ರ.

ಗೆಲುವಿನ ಬೆನ್ನಲ್ಲೇ ನಷ್ಟವೂ ಬಂದಿತು. ಕಷ್ಟಪಟ್ಟು ಕೂಡಿಸಿದ ಅಣುಗಳು ಕ್ಷಣಗಳಲ್ಲಿ ಕಾಣೆಯಾಗತೊಡಗಿದವು. ಅಷ್ಟು ಶೈತ್ಯದಲ್ಲಿ ರಾಸಾಯನಿಕ ಕ್ರಿಯೆ ಸ್ತಬ್ಧವಾಗಬೇಕೆಂಬುದು ಸಾಮಾನ್ಯ ನಿರೀಕ್ಷೆ. ಆದರೆ ಅಲ್ಲಿ ಕಣಗಳು ಅಲೆಗಳಂತೆ ವರ್ತಿಸುತ್ತವೆ. ಒಂದರ ಅಲೆ ಮತ್ತೊಂದನ್ನು ಮುಟ್ಟಿದರೆ ಕ್ರಿಯೆ ನಡೆದೇ ತೀರುತ್ತದೆ. ೨೦೧೦ರಲ್ಲಿ ಇದರ ಮರ್ಮ ತಿಳಿಯಿತು. ಎಲ್ಲ ಅಣುಗಳೂ ಒಂದೇ ಸ್ಥಿತಿಯಲ್ಲಿದ್ದರೆ ಕ್ವಾಂಟಂ ನಿಯಮವೇ ಅವುಗಳನ್ನು ಪರಸ್ಪರ ದೂರವಿರಿಸುತ್ತದೆ. ಕೆಲವನ್ನು ಬೇರೆ ಸ್ಥಿತಿಗೆ ತಂದರೆ ಕ್ರಿಯೆಯ ವೇಗ ಹತ್ತರಿಂದ ನೂರು ಪಟ್ಟು ಹೆಚ್ಚುತ್ತದೆ. ರಾಸಾಯನಿಕ ಕ್ರಿಯೆಯನ್ನು ಮನುಷ್ಯನು ಕ್ವಾಂಟಂ ಮಟ್ಟದಲ್ಲಿ ನಿಯಂತ್ರಿಸಬಲ್ಲನೆಂಬುದಕ್ಕೆ ಆ ನಷ್ಟವೇ ಸಾಕ್ಷಿಯಾಯಿತು.

೨೦೧೬ರಲ್ಲಿ, ತಮ್ಮ ೪೭ನೆಯ ವಯಸ್ಸಿನಲ್ಲಿ, ಡೆಬೊರಾ ಜಿನ್ ಕ್ಯಾನ್ಸರ್ ರೋಗದಿಂದ ನಿಧನರಾದರು. ಕೈಗೊಂಡ ಕಾರ್ಯ ಮಾತ್ರ ನಿಲ್ಲಲಿಲ್ಲ. ಅವರ ಶಿಷ್ಯೆಯೂ ೨೦೦೮ರ ಪ್ರಬಂಧದ ಮೊದಲ ಲೇಖಕಿಯೂ ಆದ ಕಾಂಗ್-ಕುಯೆನ್ ನೀ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ತಮ್ಮದೇ ಪ್ರಯೋಗಶಾಲೆಯನ್ನು ಕಟ್ಟಿದರು. ಎರಡು ಅಣುಗಳು ಕ್ರಿಯೆಯ ನಡುವೆ ನಾಲ್ಕು ಪರಮಾಣುಗಳ ಒಂದೇ ಸಂಕುಲವಾಗಿ ನಿಲ್ಲುವುದನ್ನು ೨೦೧೯ರಲ್ಲಿ ನೇರವಾಗಿ ಗುರುತಿಸಿದರು. ಗುರುವಿನ ಪ್ರಯೋಗದಲ್ಲಿ ಕಾಣೆಯಾದ ಅಣುಗಳ ಜಾಡನ್ನು ಶಿಷ್ಯೆ ಹಿಡಿದರು. ಅತ್ತ ಕೊಲಂಬಿಯಾ ವಿಶ್ವವಿದ್ಯಾಲಯದ ಸೆಬಾಸ್ಟಿಯನ್ ವಿಲ್ಲರ ತಂಡವು ನೆದರ್ಲೆಂಡ್ಸ್ ದೇಶದ ಸಿದ್ಧಾಂತಿ ಟೈಸ್ ಕಾರ್ಮಾನರೊಡನೆ ಕೂಡಿ ದುಡಿಯಿತು. ಸಮೀಪಿಸಿದ ಅಣುಗಳು ಪರಸ್ಪರ ಹಿಮ್ಮೆಟ್ಟುವಂತೆ ಮೈಕ್ರೋವೇವ್ ಅಲೆಗಳನ್ನೇ ಗುರಾಣಿಯಾಗಿ ಹಿಡಿದು, ಸೋಡಿಯಂ-ಸೀಸಿಯಂ ಅಣುಗಳಲ್ಲಿ ಬೋಸ್-ಐನ್‌ಸ್ಟೈನ್ ಸ್ಥಿತಿಯನ್ನು ಪಡೆಯಿತು. ೨೦೨೪ರಲ್ಲಿ ಪ್ರಕಟವಾದ ಈ ಸಾಧನೆಯಲ್ಲಿ ಆ ಸ್ಥಿತಿ ಸುಮಾರು ಎರಡು ಸೆಕೆಂಡುಗಳ ಕಾಲ ಉಳಿಯಿತು.

ಎರಡು ಸೆಕೆಂಡು ನಮಗೆ ಅತ್ಯಲ್ಪ. ಕ್ಷಣದಲ್ಲಿ ಕರಗುತ್ತಿದ್ದ ಅಣುಗಳಿಗೆ ಅದು ದೀರ್ಘಾಯುಷ್ಯ. ವಿದ್ಯುತ್ತನ್ನು ತಡೆಯಿಲ್ಲದೆ ಹರಿಸುವಂತಹ ಜಟಿಲ ದ್ರವ್ಯಗಳ ರಹಸ್ಯವನ್ನು ಇಂತಹ ಅಣುಗಳ ಮಾದರಿಯಿಂದ ಅರಿಯಬಹುದೆಂಬುದು ವಿಜ್ಞಾನಿಗಳ ಆಶಯ. ಫಲ ಎಂದು ಕೈಗೂಡಿದರೂ ಅದು ಒಬ್ಬರದಾಗಲಾರದು. ತಣಿಸಿದವರು, ಬೆಳಕನ್ನು ಅಳೆದವರು, ಗಣಿಸಿದವರು, ಗುರುವಿನಿಂದ ಕಲಿತು ಮುಂದುವರಿಸಿದವರು, ಇವರಲ್ಲಿ ಯಾರೊಬ್ಬರಿಲ್ಲದಿದ್ದರೂ ಆ ಎರಡು ಸೆಕೆಂಡು ದೊರೆಯುತ್ತಿರಲಿಲ್ಲ. ವಿದ್ಯೆ ಕೈಯಿಂದ ಕೈಗೆ ಸಾಗಿ ಬೆಳೆಯುವ ಪರಿ ಇದು.