ನೂರು ಸಲ ತೆರೆದರೆ ‘ಲೆಜೆಂಡರಿ’ ಹೀರೋ ಸಿಕ್ಕೇ ಸಿಗುತ್ತಾನಾ? ಒಂದು ಗಾಚಾ ಆಟದ ಲೆಕ್ಕಾಚಾರ

“ರಾತ್ರಿ ಹನ್ನೆರಡರ ಮೇಲೆ ತೆರೆಯಿರಿ, ಲೆಜೆಂಡರಿ ಗ್ಯಾರಂಟಿ.” “ಈ ಫೈಲ್ ಹಾಕಿಕೊಳ್ಳಿ, ಜೆಮ್ಸ್ ಫ್ರೀ.” ‘ರೈಡ್: ಶ್ಯಾಡೋ ಲೆಜೆಂಡ್ಸ್’ ಆಡುವವರ ಗ್ರೂಪಿನಲ್ಲಿ ನೀವಿದ್ದರೆ ಇಂಥ ಮೆಸೇಜುಗಳು ನಿಮಗೂ ಬಂದಿರಬಹುದು. ಫಾರ್ವರ್ಡ್ ಮಾಡುವ ಮೊದಲು ಈ ಆಟ ಹೇಗೆ ನಡೆಯುತ್ತದೆ ಎಂದು ನೋಡೋಣ.

ಇದು ಇಸ್ರೇಲ್ ಮೂಲದ ಪ್ಲೇರಿಯಂ ಕಂಪನಿಯ ಡಾರ್ಕ್ ಫ್ಯಾಂಟಸಿ ಆಟ. ಅಂದರೆ ಕತ್ತಲು ಕವಿದ ಕೋಟೆ, ರಾಕ್ಷಸರು, ಅಸ್ಥಿಪಂಜರಗಳು, ಶಾಪಗ್ರಸ್ತ ಯೋಧರ ಲೋಕ. ಆಟ ಚೆನ್ನಾಗಿಯೇ ಇದೆ, ಸುಳ್ಳು ಹೇಳುವುದೇಕೆ? ನೂರಾರು ಹೀರೋಗಳಿದ್ದಾರೆ, ಒಬ್ಬೊಬ್ಬರ ಶಕ್ತಿ ಒಂದೊಂದು ಥರ. ಮ್ಯಾಜಿಕ್ ಸ್ಪಿರಿಟ್ ಅನ್ನು, ಸ್ಪಿರಿಟ್ ಫೋರ್ಸ್ ಅನ್ನು, ಫೋರ್ಸ್ ಮ್ಯಾಜಿಕ್ ಅನ್ನು ಮಣಿಸುತ್ತದೆ. ಸರದಿಯಂತೆ ಹೊಡೆದಾಟ ನಡೆಯುವುದರಿಂದ ಯೋಚಿಸಿ ತಂಡ ಕಟ್ಟಬೇಕು. ಸಾಧಾರಣ ಹೀರೋಗಳನ್ನೇ ಜಾಣತನದಿಂದ ಜೋಡಿಸಿದರೂ ದೊಡ್ಡ ರಾಕ್ಷಸನಿಗೆ ಎದುರು ನಿಲ್ಲಬಹುದು. ದುಡ್ಡು ಕೊಡದೆ ಎಷ್ಟು ದಿನ ಬೇಕಾದರೂ ಆಡಬಹುದು.

ತೊಂದರೆ ಶುರುವಾಗುವುದು ಹೀರೋಗಳನ್ನು ಪಡೆಯುವ ವಿಧಾನದಲ್ಲಿ. ಅದಕ್ಕೆ ಗಾಚಾ ಎನ್ನುತ್ತಾರೆ. ಜಪಾನಿನಲ್ಲಿ ನಾಣ್ಯ ಹಾಕಿ ಹಿಡಿ ತಿರುಗಿಸಿದರೆ ಗೊಂಬೆ ಇರುವ ಡಬ್ಬಿ ಬೀಳುವ ‘ಗಾಚಾಪೋನ್’ ಯಂತ್ರಗಳಿವೆ, ಹೆಸರು ಅಲ್ಲಿಂದ ಬಂದದ್ದು. ಯಾವ ಗೊಂಬೆ ಬೀಳುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಸೂರಗೊಂಡನಕೊಪ್ಪದಲ್ಲಿ ಫೆಬ್ರವರಿಯ ಸೇವಾಲಾಲ್ ಜಯಂತಿಗಾಗಲಿ, ನಿಮ್ಮೂರಿನ ಜಾತ್ರೆಗಾಗಲಿ ಹೋದಾಗ ಚೀಟಿ ಎತ್ತುವ ಅಂಗಡಿ ಕಂಡರೆ ನೆನಪಿಸಿಕೊಳ್ಳಿ. ಮುಂದೆ ನೇತುಹಾಕಿರುವುದು ದೊಡ್ಡ ಗಡಿಯಾರ, ಕೈಗೆ ಬರುವುದು ಬಾಚಣಿಗೆ. ವ್ಯತ್ಯಾಸ ಒಂದೇ: ಜಾತ್ರೆ ಮುಗಿದರೆ ಅಂಗಡಿ ಎತ್ತುತ್ತಾರೆ, ಫೋನಿನ ಅಂಗಡಿ ಎತ್ತುವುದಿಲ್ಲ.

ಈಗ ಲೆಕ್ಕ. ರೈಡ್‌ನಲ್ಲಿ ‘ಏನ್ಷಿಯಂಟ್ ಶಾರ್ಡ್’ ಎಂಬ ನೀಲಿ ಹರಳು ಒಡೆದರೆ ಲೆಜೆಂಡರಿ ಬರುವ ಸಾಧ್ಯತೆ ಶೇ 0.5, ಅಂದರೆ 200ಕ್ಕೆ ಒಂದು. ಹಾಗಾದರೆ 200 ಒಡೆದರೆ ಒಂದು ಖಚಿತವೇ? ಇಲ್ಲ. ನೂರು ಜನ ತಲಾ ನೂರು ಹರಳು ಒಡೆದರೆ ಸುಮಾರು 39 ಜನರಿಗೆ ಮಾತ್ರ ಲೆಜೆಂಡರಿ ಸಿಗುತ್ತದೆ. ತಲಾ 200 ಒಡೆದರೂ ಸುಮಾರು 37 ಜನ ಬರಿಗೈಯಲ್ಲಿರುತ್ತಾರೆ. ಪ್ರತಿ ಸಲವೂ ಹೊಸ ಚೀಟಿ. ಹಿಂದಿನದು ಖಾಲಿ ಬಂತೆಂದು ಮುಂದಿನದಕ್ಕೆ ಕರುಣೆ ಇರುವುದಿಲ್ಲ.

ಆದರೆ ಫಾರ್ವರ್ಡಿನಲ್ಲಿ ಒಂದು ಚೂರು ನಿಜವೂ ಇದೆ. ಆಟದಲ್ಲಿ ‘ಮರ್ಸಿ’ ಎಂಬ ನಿಯಮವಿದೆ. ಸತತ 200 ಹರಳಿನಲ್ಲಿ ಲೆಜೆಂಡರಿ ಬಾರದಿದ್ದರೆ, ಅಲ್ಲಿಂದ ಪ್ರತಿ ಹರಳಿಗೂ ಸಾಧ್ಯತೆ ಶೇ 5ರಷ್ಟು ಏರುತ್ತದೆ. ಅಂದರೆ ಗ್ಯಾರಂಟಿ ಇರುವುದು 220ರ ಆಸುಪಾಸಿನಲ್ಲಿ, ನಡುರಾತ್ರಿಯಲ್ಲಿ ಅಲ್ಲ. ಕಂಪನಿಯೇ ‘ಟೂ ಎಕ್ಸ್’ ಘೋಷಿಸಿದ ದಿನ ಸಾಧ್ಯತೆ ದುಪ್ಪಟ್ಟಾಗುತ್ತದೆ. ದುಪ್ಪಟ್ಟು ಎಂದರೆ ಶೇ 1, ಅಷ್ಟೇ! ಸಿಕ್ಕವನು ನಿಮಗೆ ಬೇಕಾದ ಹೀರೋನೇ ಆಗಿರಬೇಕೆಂದೂ ಇಲ್ಲ.

ನಮಗೆ ಇದಕ್ಕಿಂತ ಬೇಸರ ತರುವುದು ಬೇರೆ. ರೂಪಾಯಿ ಮೊದಲು ಜೆಮ್ಸ್ ಆಗುತ್ತದೆ, ಜೆಮ್ಸ್ ಹರಳಾಗುತ್ತದೆ, ಅಷ್ಟರಲ್ಲಿ ಎಷ್ಟು ಖರ್ಚಾಯಿತೆಂಬ ಲೆಕ್ಕ ತಪ್ಪಿರುತ್ತದೆ. ನಮ್ಮ ತಂಡದ ಒಬ್ಬರು ಬೇರೊಂದು ಗಾಚಾ ಆಟದಲ್ಲಿ ತಿಂಗಳ ಫೋನ್ ಬಿಲ್ಲಿನ ಮೂರು ಪಟ್ಟು ಕಳೆದದ್ದು ಬ್ಯಾಂಕಿನ ಸ್ಟೇಟ್‌ಮೆಂಟ್ ನೋಡಿದ ಮೇಲೇ ಗೊತ್ತಾದದ್ದು (ಅವರು ಸಂವಹನದಲ್ಲಿ ಎಂಎ ಮಾಡಿದವರು ಎಂದು ಬೇರೆ ಹೇಳಬೇಕೆ?). ಜೊತೆಗೆ ‘ಫ್ಯೂಷನ್’ ಎಂಬ ಸೀಮಿತ ದಿನಗಳ ಸ್ಪರ್ಧೆಗಳು. ಒಂದೆರಡು ದಿನ ತಪ್ಪಿಸಿದರೆ ವಾರಗಳ ಶ್ರಮ ವ್ಯರ್ಥ. ಪರೀಕ್ಷೆ ಇರುವ ಮಗುವಿಗೆ ಇದು ದುಡ್ಡಿಗಿಂತ ದೊಡ್ಡ ಹೊರೆ.

‘ಸರ್ಕಾರ ನಿಷೇಧಿಸಿದೆಯಲ್ಲ?’ ಎಂದು ಕೇಳುವವರಿದ್ದಾರೆ. ಕರ್ನಾಟಕ 2021ರಲ್ಲಿ ತಂದ ಆನ್‌ಲೈನ್ ಆಟಗಳ ನಿಷೇಧದ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದು ಮಾಡಿತು. ಕೇಂದ್ರದ 2025ರ ಕಾಯ್ದೆ ಗುರಿಯಿಟ್ಟಿರುವುದು ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳ ಮೇಲೆ. ರೈಡ್‌ನ ಹೀರೋವನ್ನು ಆಟದೊಳಗೆ ನಗದು ಮಾಡಿಕೊಳ್ಳಲಾಗದು. ಹಾಗಾಗಿ ನಮ್ಮ ಓದಿನ ಪ್ರಕಾರ ಇದು ಆ ಸಾಲಿಗೆ ಸೇರುವುದಿಲ್ಲ. ಬೆಲ್ಜಿಯಂ ಮಾತ್ರ ದುಡ್ಡು ಕೊಟ್ಟು ಕೊಳ್ಳುವ ಇಂಥ ಅದೃಷ್ಟದ ಡಬ್ಬಿಗಳನ್ನು 2018ರಲ್ಲೇ ಜೂಜು ಎಂದು ಪರಿಗಣಿಸಿತು.

ಇನ್ನು ‘ಫ್ರೀ ಜೆಮ್ಸ್’ ಫೈಲ್. ಜೆಮ್ಸ್ ಎಷ್ಟಿದೆ ಎಂಬ ಲೆಕ್ಕ ಇರುವುದು ಕಂಪನಿಯ ಸರ್ವರಿನಲ್ಲಿ, ನಿಮ್ಮ ಫೋನಿನಲ್ಲಲ್ಲ. ಫೋನಿಗೆ ಯಾವ ಫೈಲ್ ಹಾಕಿದರೂ ಅಲ್ಲಿನ ಲೆಕ್ಕ ಬದಲಾಗದು. ಬದಲಿಗೆ ಆ ಫೈಲ್ ನಿಮ್ಮ ಎಸ್ಎಂಎಸ್, ಒಟಿಪಿ ಓದುವ ಅಪಾಯವಿದೆ. ಈಗಾಗಲೇ ಹಾಕಿಕೊಂಡು ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮಕ್ಕಳ ಕೈಗೆ ಫೋನ್ ಕೊಡುವವರು ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಮಾಡಿಟ್ಟುಕೊಳ್ಳಿ. ಎರಡು ನಿಮಿಷದ ಕೆಲಸ.